ರೇವಣಸಿದ್ದಯ್ಯನವರು ಕೂಡಿಸಿದ ಕಳ್ಳ

ಹಳೆಯ ಮೋಟಾರು ಕಾರು ಬೀದಿಯಲ್ಲಿ ಕೆಟ್ಟು ನಿಂತರೆ ಸುತ್ತ ಸೇರಿದವರೆಲ್ಲ ಪಂಡಿತರೇ; ಒಬ್ಬರು ಪೆಟ್ರೋಲ್ ಎನ್ನುತ್ತಾರೆ, ಇನ್ನೊಬ್ಬರು ಬ್ಯಾಟರಿ ಎನ್ನುತ್ತಾರೆ. ಈ ಊಹಾಪೋಹವನ್ನೆಲ್ಲ ಬದಿಗಿಟ್ಟು, ಕಿಡಿ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಒಂದೊಂದೇ ಭಾಗವನ್ನು ಪರೀಕ್ಷಿಸುವ ಶಿಸ್ತನ್ನು ರಾಜಾಜಿನಗರದ ನಮ್ಮ ತರಬೇತಿ ಶಾಲೆಗೆ ತಂದುಕೊಟ್ಟವರು ಶ್ರೀ ರೇವಣಸಿದ್ದಯ್ಯನವರು. ೧೯೭೯ರ ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಸಹೋದ್ಯೋಗಿಗಳಾದ ನಾವು ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ.

ದಾವಣಗೆರೆಯ ಕಡೆಯಿಂದ ಬಂದ ಅವರು ಶಾಲೆಯ ಷೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಮುದಿ ಕಾರೊಂದಕ್ಕೆ ಜೀವ ಕೊಟ್ಟು, ಅದನ್ನೇ ಪಾಠಪುಸ್ತಕ ಮಾಡಿಕೊಂಡರು. ಎಂಜಿನ್ನಿನಲ್ಲಿ ಬೇಕೆಂದೇ ಕೆಟ್ಟ ಭಾಗವೊಂದನ್ನು ಜೋಡಿಸಿ, "ಕಳ್ಳನ್ನ ಕೂಡ್ಸಿದೀನಿ, ಹಿಡೀರಪ್ಪಾ" ಎನ್ನುವುದು ಅವರ ಬೋಧನಕ್ರಮ. ಹೇರೋಹಳ್ಳಿಯಿಂದ ಕೆಸರು ತುಳಿದು ಬಂದ ವಿದ್ಯಾರ್ಥಿಗಳಿಗೆ ಮೊದಲು ತಮ್ಮ ಬುತ್ತಿಯ ರೊಟ್ಟಿ, ಆಮೇಲೆ ಪಾಠ. ಬೈಗುಳಕ್ಕೂ ಬರವಿರಲಿಲ್ಲವೆನ್ನಿ!

೧೯೭೩ರಲ್ಲಿ ಕುರುಬರಹಳ್ಳಿಯ ಲಕ್ಷ್ಮೀಪತಿ ಕೊನೆಯ ಅವಕಾಶವೆಂದು ಪ್ರಾಯೋಗಿಕ ಪರೀಕ್ಷೆಗೆ ಕುಳಿತ. ಪಾಸಾದರೆ ಬಸ್ ಡಿಪೋದಲ್ಲಿ ಕೆಲಸ ಕಾದಿತ್ತು. ಇಲ್ಲವಾದರೆ ಅದೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಕಿಡಿಗೆ ಕಸುವು ಕೊಡುವ ಕಂಡೆನ್ಸರಿನ ಜಾಗದಲ್ಲಿ ಕೆಟ್ಟದ್ದೊಂದನ್ನು ಹಾಕಿಟ್ಟಿದ್ದರು. ಪೇಲವವಾದ ಹಳದಿ ಕಿಡಿಯನ್ನು ಕಂಡು ಅವನು ಆ ಕಂಡೆನ್ಸರನ್ನು ಪತ್ತೆಹಚ್ಚಿ ಬದಲಿಸಿದ. ವಿದ್ಯುತ್ತಿನ ಬಲ ಹೆಚ್ಚಿಸುವ ಕಾಯಿಲ್‌ನ ತಂತಿಯಲ್ಲಿ ನೀಲಿ ಕಿಡಿ ಚಟಚಟನೆ ಹಾರಿತು. ಆದರೂ ಎಂಜಿನ್ ಜಪ್ಪಯ್ಯ ಎನ್ನಲಿಲ್ಲ.

"ಟೈಮ್ ಆಯ್ತು, ಬಿಡಪ್ಪಾ," ಎಂದರು ಪರೀಕ್ಷಕರು.

ಮೂಲೆಯಲ್ಲಿ ನಿಂತಿದ್ದ ರೇವಣಸಿದ್ದಯ್ಯನವರಿಗೆ ಆಗ ಥಟ್ಟನೆ ಹೊಳೆಯಿತು. ಹಿಂದಿನ ದಿನದ ಪಾಠಕ್ಕೆಂದು ತಾವು ಕೂಡಿಸಿದ ಕಳ್ಳ ಒಳಗೇ ಉಳಿದುಬಿಟ್ಟಿದ್ದ! ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಾಗಿ, ಅವರ ಬಡ್ತಿಗೆ ಶಿಫಾರಸು ಮಾಡಬೇಕಾದವರೂ ಅದೇ ಪರೀಕ್ಷಕರು.

"ಸಾರ್, ತಪ್ಪು ನಂದು. ನಿನ್ನೆ ಒಂದು ಕೆಟ್ಟ ಪಾರ್ಟು ಹಾಕಿ ತೆಗೆಯೋದು ಮರ್ತೆ."

"ಏನ್ರೀ ಇದು, ಪರೀಕ್ಷೆ ಅಂದ್ರೆ ಹುಡುಗಾಟಾನಾ? ಹೋಗ್ಲಿ, ಎಲ್ಲಿದೆ ತೆಗೀರಿ."

"ನಾನು ತೆಗೆಯಲ್ಲ ಸಾರ್. ಸ್ವಲ್ಪ ಟೈಮ್ ಕೊಡಿ, ಅವನೇ ಹುಡುಕ್ತಾನೆ."

ಆ ಮಾತಿನಿಂದ ಲಕ್ಷ್ಮೀಪತಿಗೆ ಹೋದ ಜೀವ ಬಂದಂತಾಯಿತು. ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ರೋಟರಿನ ಮೇಲಿನ ಲೋಹದ ಪಟ್ಟಿಯ ಬಳಿಗೆ ಕಾಯಿಲ್‌ನ ತಂತಿಯನ್ನು ಹಿಡಿದ. ಮುಚ್ಚಳ ತೆಗೆದಿರುವಾಗ ಆ ಪಟ್ಟಿಯಿಂದ ಮುಂದೆ ದಾರಿಯಿಲ್ಲ; ರೋಟರ್ ಗಟ್ಟಿಯಾಗಿದ್ದರೆ ಅಲ್ಲಿಗೆ ಕಿಡಿ ಹಾರಬಾರದು. ಹಾರಿತು! ಕಣ್ಣಿಗೆ ಕಾಣದ ಸೀಳಿನಿಂದ ಅದು ಕೆಳಗಿನ ದಂಡಕ್ಕೆ ಸೋರಿಹೋಗುತ್ತಿತ್ತು. ಹೊಸ ರೋಟರ್ ಹಾಕಿದೊಡನೆ ಮುದಿ ಕಾರು ಗೊರಗೊರ ಎಂದಿತು. ರೇವಣಸಿದ್ದಯ್ಯನವರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಹುಡುಗ ಪಾಸಾದ, ಆ ಮರೆವಿಗಾಗಿ ಮೇಷ್ಟರ ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು. ಅವರು ಅದರ ಮಾತೆತ್ತಿದ್ದನ್ನು ನಾವು ಯಾರೂ ಕೇಳಿಲ್ಲ. ಇಂದು ಡಿಪೋದಲ್ಲಿ ಹತ್ತಾರು ಜನಕ್ಕೆ ಕೆಲಸ ಕಲಿಸುವ ಲಕ್ಷ್ಮೀಪತಿ, ಯಾವ ಎಂಜಿನ್ ಹಟ ಹಿಡಿದರೂ ಇನ್ನೊಬ್ಬರನ್ನು ಬೈಯುವ ಮೊದಲು, "ನಾನೇ ಏನಾದ್ರೂ ಮರ್ತಿದೀನೇನ್ರೋ?" ಎಂದು ಕೇಳುತ್ತಾನಂತೆ.

ಶ್ರೀಗಂಧದ ಕಾವಲ್‌ನ ಹೊಸ ಮನೆಯಲ್ಲಿ ರೇವಣಸಿದ್ದಯ್ಯನವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ಆಗಾಗ ಷೆಡ್ಡಿಗೆ ಬಂದು ನಮ್ಮ ಮುದಿ ಕಾರಿನಲ್ಲಿ ಕಳ್ಳರನ್ನು ಕೂಡಿಸುತ್ತಲೂ ಇರಲಿ. ತೆಗೆಯಲು ಮರೆತರೂ ಚಿಂತೆಯಿಲ್ಲ, ಹುಡುಕುವುದನ್ನು ಅವರೇ ಕಲಿಸಿದ್ದಾರೆ.