ಹೆಸರು ಬರೆಯದ ವರದಿ

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಕಾಲೇಜಿನಲ್ಲಿ ಸಾಮಾಜಿಕ ನ್ಯಾಯ ಎಂಬ ಹೊಸ ಪಾಠ ಶುರುವಾಯಿತು. ಅರ್ಧ ಪಾಠ ಬೆಳಗಾವಿಯ ತರಗತಿಯಲ್ಲಿ, ಇನ್ನರ್ಧ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಹತ್ತು ದಿನ ಅಲ್ಲಿದ್ದು, ಜನರೊಡನೆ ಮಾತಾಡಿ, ವರದಿ ಬರೆಯಬೇಕು. ರವಿವಾರ ಪೇಟೆಯ ಕಾಳಿನ ವ್ಯಾಪಾರಿಯ ಮಗಳಾದ ನನಗೆ ಹತ್ತು ದಿನ ಮನೆಯಿಂದ ಹೊರಗಿರಲು ಬಿಟ್ಟದ್ದೇ ದೊಡ್ಡ ನ್ಯಾಯವಾಗಿ ಕಂಡಿತ್ತು.

ನಮ್ಮ ಸರ್ ಎರಡು ನಿಯಮ ಹಾಕಿದ್ದರು. ವರದಿಯಲ್ಲಿ ಯಾರ ಹೆಸರನ್ನೂ ಬರೆಯಬಾರದು. ಬರೆದದ್ದನ್ನು ಕದ್ದು ಒಯ್ಯದೆ, ಕಡೆಯ ದಿನ ಊರವರ ಎದುರೇ ಓದಬೇಕು. ಎರಡೂ ಒಳ್ಳೆಯ ನಿಯಮಗಳೇ. ಎರಡೂ ಕೂಡಿದರೆ ಏನಾದೀತೆಂದು ಸರ್ ಯೋಚಿಸಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ಹೆಂಗಸರನ್ನು ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಗೌಡರ ಮನೆಯ ದನದ ಕೊಟ್ಟಿಗೆ ಬಳಿಯುವವಳು ಊರ ಹೊರಗಿನ ಕೇರಿಯವಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದರೂ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು. ನಾನು ಅವಳನ್ನು ‘ನೀನು’ ಎನ್ನುತ್ತಿದ್ದೆ. ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಅವಳ ಸಲಿಗೆ ಗಳಿಸಲು ನಮ್ಮ ಅಂಗಡಿಯ ಸುದ್ದಿ ತೆಗೆದೆ. ಅಲ್ಲಿ ಕಾಳು ಹಸನು ಮಾಡಲು ದಿನವೂ ಹೆಂಗಸರು ಬರುತ್ತಾರೆ, ನಾನೂ ಅವರ ಜೊತೆ ಹರಟೆ ಹೊಡೆಯುತ್ತೇನೆ ಎಂದೆ. ಮೂರನೆಯ ದಿನ ಅವಳೇ ಮಾತಾಡಿದಳು.

“ನೀರು ಬೇಡಿದ್ರ ಮ್ಯಾಲಿಂದ ಸುರೀತಾರ್ರಿ. ಉಳಿದ ರೊಟ್ಟಿ ಹಿತ್ತಲ ಗ್ವಾಡಿ ಮ್ಯಾಲ ಇಡ್ತಾರ. ಇಷ್ಟ್ ವರ್ಷ ಸಗಣಿ ಬಳದೀನಿ, ಆ ಗ್ವಾಡಿ ದಾಟಿ ಒಳಗ ಹೋಗಿಲ್ಲ.”

ನನಗೆ ಕೋಡು ಮೂಡಿದವು. ‘ದೊಡ್ಡ ಮನೆಯೊಂದರ ಕೊಟ್ಟಿಗೆ ಬಳಿಯುವ ಹೆಂಗಸು’ ಎಂದು ಬರೆದೆ. ಹೆಸರು ಬರೆಯಲಿಲ್ಲ. ಆದರೆ ಆ ಊರಿನಲ್ಲಿ ದೊಡ್ಡ ಮನೆ ಇದ್ದದ್ದೇ ಒಂದು.

ಕಡೆಯ ದಿನ ಶಾಲೆಯ ಅಂಗಳದಲ್ಲಿ ಗೌಡರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಮಗೆ ಹತ್ತು ದಿನ ಜೋಳ, ಬೇಳೆ ಕೊಟ್ಟವರೂ ಅವರೇ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಗಂಟಲಿನಲ್ಲೇ ಎಲ್ಲವನ್ನೂ ಓದಿದೆ. ಗೌಡರು ಚಪ್ಪಾಳೆ ತಟ್ಟಿ, “ಚಲೋ ಬರದೀಯವ್ವಾ ತಂಗಿ” ಎಂದರು. ಅವಳು ಎಲ್ಲಿ ಕೂತಿದ್ದಳೆಂದು ನಾನು ನೋಡಲೂ ಇಲ್ಲ.

ಹದಿನೈದು ದಿನಕ್ಕೆ ಮತ್ತೊಂದು ಭೇಟಿ ಇತ್ತು. ಖಾನಾಪುರದಲ್ಲಿ ಬಸ್ ಬದಲಿಸಿ ಹೋದೆವು. ಕೆಲಸದ ಹೊತ್ತಿನಲ್ಲಿ ಅವಳು ತನ್ನ ಬಾಗಿಲಲ್ಲಿ ಕೂತಿದ್ದಳು.

“ನೀವು ಓದಿದ ಮರದಿನನ ಬರಬ್ಯಾಡ ಅಂದ್ರು,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಹೊಟ್ಟೆಯ ಮೇಲೆ ಹೊಡೆದವಳು ನಾನು.

“ನಾ ಗೌಡ್ರ ಹತ್ರ ಮಾತಾಡ್ಲೇನು?” ಎಂದೆ.

“ನೀವು ಮಾತಾಡಿದ್ದು ಸಾಕ್ರಿ.” ಆಮೇಲೆ ಅವಳೇ ಹೇಳಿದಳು: “ಬೆಳಗಾಂವದಾಗ ನಮ್ಮ ತಂಗಿ ಅದಾಳ. ಅಕಿ ಕಡೆ ಇರ್ತೀನಿ. ನಿಮ್ಮ ಅಂಗಡ್ಯಾಗ ಕಾಳು ಹಸನ ಮಾಡಾಕ ನನ್ನೂ ಹಚ್ಚಕೋರಿ, ಅಕ್ಕಾರ.”

ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸರಿಗೆ ಅವ್ವ ಮೊದಲು ಕೇಳುತ್ತಿದ್ದುದು ‘ಯಾವ ಓಣಿಯವರವ್ವಾ’ ಎಂದು. ಉತ್ತರ ಸರಿಯಿದ್ದರಷ್ಟೇ ಮೊರ ಕೈಗೆ ಸಿಗುತ್ತಿತ್ತು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಹತ್ತು ದಿನ ನೆನಪಾಗಿರಲಿಲ್ಲ, ಅಷ್ಟೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಬೇರೆಯವರನ್ನು ಕಂಡು ನಗುತ್ತಿದ್ದ ನನಗೆ ಅಂದು ನಗು ಬರಲಿಲ್ಲ.

“ಅಪ್ಪನ್ನ ಕೇಳಿ ಹೇಳ್ತೀನಿ,” ಎಂದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದೆ. ಮನೆಗೆ ಬಂದಾಗ ಅಪ್ಪ ಮುಂದಿನ ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಒಳಗೆ ಮೊರದ ಸಪ್ಪಳ ಕೇಳುತ್ತಿತ್ತು.

“ಹಳ್ಳ್ಯಾಗ ಎಲ್ಲಾರೂ ಆರಾಮ ಅದಾರೇನು?” ಎಂದು ಕೇಳಿದರು.

“ಅದಾರಪ್ಪ,” ಎಂದೆ.

ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂದವು. ಮೂರನೆಯ ಭೇಟಿ ಪಾಠದಲ್ಲಿ ಇರಲಿಲ್ಲ, ನಾನಾಗಿ ಹೋಗಲೂ ಇಲ್ಲ. ನನ್ನ ಉತ್ತರಕ್ಕಾಗಿ ಅವಳು ಎಷ್ಟು ದಿನ ಕಾದಳೋ ತಿಳಿಯದು. ಅಪ್ಪನನ್ನು ನಾನು ಕೇಳಲೇ ಇಲ್ಲ.