ಕೊಡೂಕೋ, ಉಡೂಕೋ

ಸೇಲ್ ನಡೆಯುವಷ್ಟು ದಿನ ಕಲಾವತಿಗೆ ಊಟ ಸೇರುವುದಿಲ್ಲ. ಡಬ್ಬಿಯಲ್ಲಿ ಬಂಗಡೆ ಸಾರಿದ್ದರೂ ಅಷ್ಟೇ. ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರೂ ಬೆರಳಿನ ವಾಸನೆ ಹೋಗುವುದಿಲ್ಲ. ಕಳಪೆ ಬಟ್ಟೆಗೆ ಹಾಕಿದ ಗಂಜಿ, ಅದರ ಮೇಲೆ ಊರವರ ಬೆವರು. ಎರಡು ತುತ್ತು ತಿಂದು ಉಳಿದದ್ದನ್ನು ಬೆಕ್ಕಿಗೆ ಹಾಕಿ ಮತ್ತೆ ಬಂದು ನಿಲ್ಲುತ್ತಾಳೆ.

ಅಂಕೋಲೆ ಪೇಟೆಯ ಈ ಜವಳಿ ಅಂಗಡಿಯಲ್ಲಿ ಅವಳು ಸೀರೆ ಮಡಚಲು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಭಾವಿಕೇರಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಗಂಡ ಜಟ್ಟಪ್ಪನಿಗೆ ಕಾರವಾರದ ಒಂದು ಗೋದಾಮಿನಲ್ಲಿ ಕಾವಲು ಕೆಲಸ, ಮಗಳು ಪ್ರೇಕ್ಷಾ ಅಲ್ಲೇ ನರ್ಸಿಂಗ್ ಓದುತ್ತಾಳೆ. ಜವಳಿ ಅಂಗಡಿಯಲ್ಲಿದ್ದೂ ಮನೆಗೊಂದು ಸೇಲಿನ ಟವೆಲ್ ಕೂಡ ತರುವುದಿಲ್ಲವಲ್ಲ ಎಂದು ಇಬ್ಬರೂ ಸೇರಿ ಅವಳನ್ನು ಕಾಡುತ್ತಾರೆ. “ಅದ್ರಲ್ಲಿ ಯಾರ್ಯಾರು ಮೂಗು ಒರೆಸಿದಾರೆ ಅಂತ ನಂಗೊತ್ತದೆ, ನಿಮಗೆ ಗೊತ್ತಿಲ್ಲ” ಎಂದು ಅವಳು ಮಾತು ಮುಗಿಸುತ್ತಾಳೆ.

ಹಿಂದೆ ಈ ಸೇಲಿಗೆ ಒಂದು ಮರ್ಯಾದೆ ಇತ್ತು. ಜೂನ್ ಬಂತೆಂದರೆ ಈ ಕಡಲ ದಂಡೆಯಲ್ಲಿ ಗಾಜಿನ ಕಪಾಟಿನ ಒಳಗಿದ್ದ ಬಟ್ಟೆಗೂ ಬೂಸು ಹಿಡಿಯುತ್ತದೆ. ಹಾಳಾಗುವ ಬದಲು ಯಾರಾದರೂ ಉಡಲಿ ಎಂದು ಹಳೆ ಯಜಮಾನರಾದ ಯಜ್ಞೇಶ್ವರರು ಮೇ ಕೊನೆಗೆ ಉಳಿದ ಮಾಲನ್ನು ತೆಗೆದು ಹಾಕುತ್ತಿದ್ದರು. ಶೋಕೇಸಿನಲ್ಲಿದ್ದು ಬಿಸಿಲಿಗೆ ಬಣ್ಣ ಹೋದ ಸೀರೆ, ಅಂಚು ಸಿಕ್ಕಿ ಹರಿದ ಲುಂಗಿ. ಎಲ್ಲಿ ಹರಿದಿದೆ, ಎಲ್ಲಿ ಕಲೆಯಿದೆ ಎಂದು ಗಿರಾಕಿಗೆ ಬಿಚ್ಚಿ ತೋರಿಸಿಯೇ ಕೊಡಬೇಕು. ಮುಚ್ಚಿಟ್ಟು ಮಾರಿದವರನ್ನು ಯಜ್ಞೇಶ್ವರರು ಗಿರಾಕಿಯ ಎದುರಿಗೇ ಬೈಯುತ್ತಿದ್ದರು.

ಅವರು ಹೋದ ಮೇಲೆ ಗಾದಿಯ ಮೇಲೆ ಮಗ ಗುರುಪ್ರಸಾದ ಕೂತ. ಈಗ ಉಳಿದ ಮಾಲು ಮಾರುವುದಲ್ಲ, ಉಳಿದ ಮಾಲಿನ ಹಾಗೆ ಕಾಣುವ ಮಾಲನ್ನು ಏಪ್ರಿಲಿನಲ್ಲೇ ಲಾರಿಯಲ್ಲಿ ತರಿಸುವುದು. ಇಲ್ಲದ ಬೆಲೆಯೊಂದನ್ನು ಚೀಟಿಯಲ್ಲಿ ಬರೆದು, ಅಂಟಿಸಿ, ಕೆಂಪು ಪೆನ್ನಿನಲ್ಲಿ ಅದನ್ನೇ ಹೊಡೆದು ಹಾಕುವುದು. ಆ ಕೆಲಸವೂ ಕಲಾವತಿಯದೇ. ನಡುವಿನ ಮೇಜು ತೆಗೆಸಿ ನೆಲಕ್ಕೆ ಜಮಖಾನೆ ಹಾಸಿ ಎಲ್ಲವನ್ನೂ ಒಂದೇ ರಾಶಿ ಸುರಿಯುತ್ತಾನೆ. ರಾಶಿಯಲ್ಲಿ ಕೈ ಆಡಿಸಿದರೆ ಜನಕ್ಕೆ ಏನೋ ಗೆದ್ದ ಹಾಗಾಗುತ್ತದಂತೆ. ಕಲೆ ಇದ್ದರೆ “ಒಳಗೆ ಹೋಗೂ ಹಂಗೆ ಮಡಚು ಕಲಾವತಿ” ಎನ್ನುತ್ತಾನೆ. ಅವಳು ಮಡಚುತ್ತಾಳೆ. ಈಗೀಗ ಕಣ್ಣಿಗಿಂತ ಮೊದಲು ಕೈಗೇ ಕಲೆ ಗೊತ್ತಾಗಿ ತಾನಾಗಿ ಒಳಕ್ಕೆ ತಿರುಗಿಸಿಬಿಡುತ್ತದೆ. ತನ್ನ ಕೈಯ ಬಗ್ಗೆಯೂ ಅವಳಿಗೆ ಹೇಸಿಗೆ ಹುಟ್ಟಿದ್ದು ಹಾಗೆ.

ಜನರೂ ಕಡಿಮೆಯೇನಲ್ಲ. ಬೇರೆ ದಿನ ಬಂದರೆ ತಗ್ಗಿದ ದನಿಯಲ್ಲಿ ಮಾತಾಡುವ ಹೆಂಗಸರು ಸೇಲಿನ ದಿನ ಒಂದು ನೈಟಿಯ ಎರಡು ತೋಳು ಹಿಡಿದು ಎಳೆದಾಡುತ್ತಾರೆ. ಒಬ್ಬಳು ನೀರು ಸೋರುವ ಮೀನಿನ ಚೀಲವನ್ನು ದಿಂಬಿನ ಚೀಲಗಳ ಮೇಲೇ ಇಟ್ಟು ಹುಡುಕಲು ಕೂತಳು. ಮಾವಿನಹಣ್ಣು ತಿಂದ ಕೂಸೊಂದು ಲಂಗಕ್ಕೆ ಕೈ ಒರೆಸಿತು, ತಾಯಿ ನೋಡಿಯೂ ನೋಡದವಳಂತೆ ಆ ಲಂಗವನ್ನು ಬದಿಗೆ ಸರಿಸಿದಳು. ಬಾಗಿಲ ಬಳಿ ಒಬ್ಬ ಗಂಡಸು ತೊಟ್ಟ ಅಂಗಿಯ ಮೇಲೇ ಬನಿಯನ್ ಎಳೆದುಕೊಂಡು, ಸಿಕ್ಕಿಹಾಕಿಕೊಂಡು, ಹೆಂಡತಿಯ ಕೈಯಲ್ಲಿ ಬಿಡಿಸಿಕೊಂಡ. ಇವೆಲ್ಲವನ್ನೂ ಮತ್ತೆ ಮಡಚಿ ಹೊಸದು ಎಂದು ಇಡಬೇಕಲ್ಲ ಎಂದು ಕಲಾವತಿ ಒಂದೊಂದನ್ನೂ ಎರಡೇ ಬೆರಳಲ್ಲಿ ಎತ್ತುತ್ತಿದ್ದಳು.

ಸೀರೆ ಕೇಳಿದವರಿಗೆ ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಕೊಡೂಕೋ, ಉಡೂಕೋ?”

ಜವಳಿ ಅಂಗಡಿಯಲ್ಲಿ ಇದನ್ನು ಕೇಳದೆ ಕಪಾಟಿಗೆ ಕೈ ಹಾಕುವ ಹಾಗಿಲ್ಲ. ಉಡಲಿಕ್ಕಾದರೆ ಗಿರಾಕಿ ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿ ನೋಡುತ್ತಾಳೆ, ಮಡಿಲಲ್ಲಿಟ್ಟು ಸವರುತ್ತಾಳೆ. ಕೊಡಲಿಕ್ಕಾದರೆ ಬೆಲೆ ಕೇಳುತ್ತಾಳೆ, ಆಯಿತು. ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ ಕೈಯಿಂದ ಕೈಗೆ ಹೋಗುವ ಸೀರೆ ಅದು. ಪಡೆದವಳೂ ಬಿಚ್ಚುವುದಿಲ್ಲ, ಹಾಗೇ ಇನ್ನೊಬ್ಬಳಿಗೆ ದಾಟಿಸುತ್ತಾಳೆ. ಸೇಲಿನಲ್ಲಿ ಕೇಳಿದವರೆಲ್ಲ ಹೇಳುವುದು ‘ಕೊಡೂಕೆ’. ತನ್ನ ಮೈಗೆ ಆಗದ್ದನ್ನು ಅರಿಶಿನ ಕುಂಕುಮದ ಜೊತೆ ಬೇರೆಯವರ ಮಡಿಲಿಗೆ ಹಾಕಿ ಕೈಮುಗಿಯುವ ಈ ಸಡಗರಕ್ಕೆ ಏನೆನ್ನಬೇಕೋ ಕಲಾವತಿಗೆ ತಿಳಿಯದು.

ಆ ಅಂಗಡಿಯಲ್ಲಿ ಪ್ರಶ್ನೆ ಕೇಳದೆ ಕೊಡುವ ಸೀರೆಯೂ ಇತ್ತು. ಮೂಲೆಯ ಒಂದು ಸಣ್ಣ ಕಪಾಟಿನಲ್ಲಿ ಸಾದಾ ನೂಲಿನ ಒಳ್ಳೆ ಸೀರೆಗಳು. ತೀರಿಕೊಂಡ ಹೆಂಗಸಿನ ಮೇಲೆ ಹೊದಿಸಲು ಬೇಕಾದವರು ಬಂದು ಮಾತಾಡದೆ ಅದರ ಎದುರು ನಿಲ್ಲುತ್ತಿದ್ದರು. ಅದರಲ್ಲಿ ಲಾಭವಿಡಬಾರದು, ಕಲೆಯಿರಬಾರದು, ಅಂಗಡಿಯ ಹೆಸರಿನ ಚೀಲದಲ್ಲಿ ಹಾಕದೆ ಪೇಪರಿನಲ್ಲಿ ಸುತ್ತಿ ಕೊಡಬೇಕು ಎಂದು ಯಜ್ಞೇಶ್ವರರು ಹೇಳಿಕೊಟ್ಟಿದ್ದರು. ಹೊರಡುವ ಎಲ್ಲ ಗಿರಾಕಿಗೂ ಹೇಳುವ “ಮತ್ತೆ ಬನ್ನಿ” ಎಂಬ ಮಾತನ್ನು ಅವರಿಗೆ ಮಾತ್ರ ಹೇಳಬಾರದು. ಅಂಗಡಿಯಲ್ಲಿ ಅವಳಿಗೆ ಗೌರವವಿದ್ದ ಜಾಗವೆಂದರೆ ಆ ಕಪಾಟು.

ಈ ವರ್ಷ ಗುರುಪ್ರಸಾದ ಅದನ್ನೂ ಖಾಲಿ ಮಾಡಿ ರಾಶಿಗೆ ಸುರಿದ.

“ಅದ್ ಬೇಡ್ರಾ” ಎಂದಳು ಕಲಾವತಿ. “ನಿಮ್ಮಪ್ಪ ಅದ್ನ ಯಾವತ್ತೂ ಸೇಲಿಗೆ ಹಾಕ್ಲಿಲ್ಲ.”

“ಸೀರೆ ಸೀರೆನೇ ಅಲ್ವಾ. ಎಂತಕ್ಕೆ ತಕಂಡ್ ಹೋಗ್ತ್ರು ಅಂತ ಅದ್ರ ಮೇಲೆ ಬರ್ದದ್ಯಾ? ನೀ ಸುಮ್ನೆ ಗಿರಾಕಿ ನೋಡು.”

ಅವಳು ಗಿರಾಕಿ ನೋಡುತ್ತಲೇ ಆ ಸೀರೆಗಳನ್ನು ಒಂದೊಂದಾಗಿ ರಾಶಿಯ ಅಡಿಗೆ ತಳ್ಳಿದಳು. ಯಾರೋ ಮತ್ತೆ ಅಗೆದು ಮೇಲೆ ಹಾಕಿದರು. ಅದೇ ಹೊತ್ತಿಗೆ ಅವರ್ಸಾ ಊರಿನ ಗಾಯತ್ರಿ ಅತ್ತೆಯನ್ನು ಕರೆದುಕೊಂಡು ಒಳಗೆ ಬಂದಳು.

ಅತ್ತೆ ಅಂದರೆ ನಾಗಜ್ಜಿ. ಅಂಕೋಲೆ ಸಂತೆಯಲ್ಲಿ ಬದನೆ, ಹರಿವೆ ಸೊಪ್ಪು ಮಾರಿ ಮಗ ವಿಕಾಸನನ್ನು ಓದಿಸಿದವಳು. ಕಲಾವತಿ ಅಂಗಡಿಗೆ ಸೇರಿದ ವರ್ಷ, ಹೆದರುತ್ತ ಹೆದರುತ್ತ ಆ ಪ್ರಶ್ನೆ ಕೇಳಿದಾಗ, ಬುಟ್ಟಿಯನ್ನು ಬಾಗಿಲಲ್ಲೇ ಇಟ್ಟು ಬಂದ ಈ ಹೆಂಗಸು “ಉಡೂಕೆ ಕಾಣು ಮಗಾ. ನನ್ ದುಡ್ಡು, ನನ್ ಮೈ” ಎಂದಿದ್ದಳು. ವರ್ಷಕ್ಕೊಂದೇ ಸೀರೆ, ಆದರೆ ಅರ್ಧ ಅಂಗಡಿ ಬಿಚ್ಚಿಸಿಯೇ ಕೊಳ್ಳುವುದು. ಬುಟ್ಟಿ ಹೊರುವುದು ನಿಂತ ಮೇಲೆ ಅವಳು ಈ ಕಡೆ ಬಂದಿರಲಿಲ್ಲ. ಈಗ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ವಾಪಸು ಹೋಗುವ ದಾರಿಯಲ್ಲಿ ಸೊಸೆ ಸೇಲ್ ನೋಡಿ ಆಟೋ ನಿಲ್ಲಿಸಿದ್ದಳು. ಅಜ್ಜಿಯ ಸೆರಗಿಗೆ ಎರಡು ಕಡೆ ತೇಪೆ ಹಾಕಿತ್ತು. ಬಾಯಲ್ಲಿ ಎಲೆಅಡಿಕೆಯ ಕವಳ ಮಾತ್ರ ಹಿಂದಿನಂತೆಯೇ ಇತ್ತು. ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೆರಗಿನ ತುದಿಯಿಂದ ತುಟಿಯ ಕೆಂಪು ಒರೆಸಿಕೊಂಡಳು. ಸೊಸೆ ಮುಖ ಕಿವುಚಿ ರಾಶಿಯ ಕಡೆ ತಿರುಗಿದಳು.

ಗಾಯತ್ರಿ ಕೊಡುವುದಕ್ಕೆ ಎರಡು ಹೊಳೆಯುವ ಸೀರೆ ಆರಿಸಿ ಬದಿಗಿಟ್ಟಳು. ಮೂರನೆಯದಾಗಿ ಅವಳ ಕೈಗೆ ಸಿಕ್ಕಿದ್ದು ಮೂಲೆ ಕಪಾಟಿನ ನೂಲಿನ ಸೀರೆ. ಕಲಾವತಿಯ ಬಾಯಿಂದ ಅಭ್ಯಾಸಬಲದಿಂದ ಬಂದೇ ಬಂತು: “ಕೊಡೂಕೋ, ಉಡೂಕೋ?”

ಗಾಯತ್ರಿ ಹತ್ತಿರ ಸರಿದಳು. ದನಿ ತಗ್ಗಿಸಿ, ಕಣ್ಣಲ್ಲೇ ಕುರ್ಚಿಯ ಕಡೆ ತೋರಿಸಿ ಹೇಳಿದಳು. “ಅತ್ತೆಗೆ. ಈಗಲ್ಲ ಮತ್ತೆ. ಹೆಂಗೂ ಬೇಕಾಗ್ತದಲ್ಲ ಒಂದಿನ. ಆವಾಗ ಗಡಿಬಿಡಿಲಿ ಎಲ್ಲಿ ಹುಡುಕೂದು, ಹೇಳಿದ್ ರೇಟೇ ಕೊಡ್ಬೇಕಾಗ್ತದೆ. ಸೇಲ್‌ನಲ್ಲಿ ತೆಗ್ದಿಟ್ರೆ ಬೀರುಲಿ ಬಿದ್ದಿರ್ತದೆ.”

ಕಲಾವತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೀನಿನ ನೀರನ್ನು, ಮಾವಿನಹಣ್ಣಿನ ಕೈಯನ್ನು ತೊಳೆದು ಹಾಕಬಹುದು. ಇದನ್ನು ಎಲ್ಲಿ ತೊಳೆಯುವುದು? ಗಾಯತ್ರಿಯ ಮುಖದಲ್ಲಿ ಕೇಡು ಕೂಡ ಇರಲಿಲ್ಲ. ಮಳೆಗಾಲಕ್ಕೆ ಕಟ್ಟಿಗೆ ಕೂಡಿಟ್ಟವಳ ನೆಮ್ಮದಿ ಇತ್ತು, ಹೇಸಿಗೆ ಬಂದದ್ದು ಅದಕ್ಕೇ.

“ಯಾರಿಗೇ ಅದು?” ಎಂದಳು ನಾಗಜ್ಜಿ ಕುರ್ಚಿಯಿಂದ.

“ಕೊಡೂಕೆ ಅತ್ತೆ.”

ಅಜ್ಜಿ ಕೈಚಾಚಿ ಸೀರೆಯ ತುದಿ ಹಿಡಿದು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. “ನೂಲು ಚಲೋ ಅದೆ. ಯಾರಿಗ್ ಕೊಡ್ತೆ ಇದ್ನ?”

ಗಾಯತ್ರಿ ರಾಶಿಯಲ್ಲಿ ಮತ್ತೇನೋ ಹುಡುಕತೊಡಗಿದಳು. ಅಜ್ಜಿ ಬಟ್ಟೆ ಬಿಡಲಿಲ್ಲ. “ತಕಣೂವ್ರು ಪುಣ್ಯವಂತ್ರು. ನಂಗಂತೂ ಹೊಸಾ ಸೀರೆ ವಾಸ್ನೆನೇ ಮರ್ತ್ ಹೋಗದೆ” ಎಂದು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಹೇಳಿ, ಮೂಗಿಗೆ ಹಿಡಿದಳು.

ಕಲಾವತಿಗೆ ತಡೆಯಲಾಗಲಿಲ್ಲ. ಅಜ್ಜಿಯ ಕೈಯಿಂದ ಆ ಸೀರೆಯನ್ನು ಮೆಲ್ಲಗೆ ಬಿಡಿಸಿಕೊಂಡು ರಾಶಿಯ ಅಡಿಗೆ ತಳ್ಳಿದಳು. ಬದುಕಿರುವಾಗ ಇವಳ ಮೈಗೆ ಒಂದು ಸೀರೆ ಬೀಳಬೇಕು, ಅದೂ ಇವತ್ತೇ ಎಂಬುದೊಂದೇ ಅವಳ ತಲೆಯಲ್ಲಿ ಇತ್ತು. ಇಡೀ ಅಂಗಡಿಗೆ ಕೇಳುವಂತೆ ಕೇಳಿದಳು: “ನಾಗಜ್ಜಿ, ನಿಮಗೆ ಉಡೂಕೆ ಒಂದ್ ತೋರಿಸ್ಲಾ?”

ಅಜ್ಜಿ ಸೊಸೆಯ ಮುಖ ನೋಡಿದಳು. ರಾಶಿಯ ಆಚೆ ಕೂತಿದ್ದ ಅವರ್ಸಾದ ಲತಾ, ಗಾಯತ್ರಿಯ ಪಕ್ಕದ ಮನೆಯವಳು, ತಲೆ ಎತ್ತಿದಳು. “ತೆಗ್ಸ್ ಕೊಡೇ ಗಾಯತ್ರಿ, ಆ ತೇಪೆ ಸೀರೆಲೇ ದೇವಸ್ಥಾನಕ್ಕೂ ಬರ್ತ್ರು.” ನಾಲ್ಕಾರು ಜನ ತಿರುಗಿ ನೋಡಿದರು. ಗಾಯತ್ರಿ ನಕ್ಕಳು, ಬೇರೆ ದಾರಿ ಇರಲಿಲ್ಲ.

ಕಲಾವತಿ ರಾಶಿಗೆ ಕೈ ಹಾಕಲಿಲ್ಲ. ಗಾಜಿನ ಕಪಾಟು ತೆಗೆದು, ಸೇಲಿಗೆ ಸೇರದ ಹೊಸ ಸೀರೆಗಳನ್ನು ಅಜ್ಜಿಯ ಮಡಿಲಲ್ಲೇ ಬಿಚ್ಚಿದಳು. ಅಜ್ಜಿ ಹಿಂದಿನಂತೆಯೇ ಇದು ದಪ್ಪ, ಇದು ಬಣ್ಣ ಬಿಡ್ತದೆ ಎಂದು ಒಂದೊಂದನ್ನೇ ತಳ್ಳುತ್ತ ಕೊನೆಗೆ ಬದನೆಕಾಯಿ ಬಣ್ಣದ್ದೊಂದನ್ನು ಹೆಗಲಿಗೆ ಹಾಕಿಕೊಂಡಳು. ಪಕ್ಕಕ್ಕಿಟ್ಟಿದ್ದ ಎರಡು ಸೀರೆಯನ್ನೂ ಬಿಟ್ಟು ಗಾಯತ್ರಿ ಅದೊಂದಕ್ಕೇ ದುಡ್ಡು ಕೊಟ್ಟಳು. ಕಲಾವತಿ ಅಜ್ಜಿಯನ್ನು ಕೈಹಿಡಿದು ಮೆಟ್ಟಿಲು ಇಳಿಸಿ, “ಮತ್ತೆ ಬನ್ನಿ ಹಾಂ” ಎಂದಳು.

ಒಂದು ವಾರದೊಳಗೆ ಗಾಯತ್ರಿ ಒಬ್ಬಳೇ ಬಂದಳು. ಚೀಲದಿಂದ ಬದನೆ ಬಣ್ಣದ ಸೀರೆ ತೆಗೆದು ಕಪಾಟಿನ ಮುಂದಿನ ಮೇಜಿನ ಮೇಲಿಟ್ಟಳು. “ಅತ್ತೆಗೆ ಹಿಡಿಸ್ಲಿಲ್ಲ. ಬಿಚ್ಚೂ ಇಲ್ಲ. ಇದ್ರ ಬದ್ಲಿಗೆ ಆವತ್ತಿನ ಆ ಎರಡು, ಮತ್ತೆ ಆ ನೂಲಿಂದು ಕೊಡಿ. ಇನ್ನೂ ಅದ್ಯಲ್ಲ?”

ಸೇಲಿನ ಮಾಲನ್ನು ಬದಲಾಯಿಸುವುದಿಲ್ಲ, ಪೂರ್ತಿ ಬೆಲೆಯ ಮಾಲನ್ನು ಉಡದೇ ಇದ್ದರೆ ಬದಲಾಯಿಸಬಹುದು ಎಂದು ಗೋಡೆಯ ಮೇಲೇ ಬರೆದಿತ್ತು. “ಕೊಡು ಕಲಾವತಿ, ಗುರ್ತದವ್ರು” ಎಂದ ಗುರುಪ್ರಸಾದ ಗಾದಿಯಿಂದ, ಹಲ್ಲು ಬಿಟ್ಟುಕೊಂಡು. ನೂಲಿನ ಸೀರೆ ಇನ್ನೂ ರಾಶಿಯಲ್ಲೇ ಇತ್ತು. ಇನ್ನೇನು ಅದು ಅವರ್ಸಾದ ಬೀರುವಿಗೆ ಹೋಗಿ ಅಜ್ಜಿಗಾಗಿ ಕಾದು ಬಿದ್ದಿರುತ್ತದೆ, ತೇಪೆಯ ಸೆರಗು ಮತ್ತೆ ಅಜ್ಜಿಯ ಮೈಮೇಲೆ ಇರುತ್ತದೆ. ಕಲಾವತಿ ಮೇಜಿನ ಮೇಲಿದ್ದ ಬದನೆ ಬಣ್ಣದ ಸೀರೆಯನ್ನು ಎತ್ತಿಕೊಂಡಳು.

ಎತ್ತಿಕೊಂಡದ್ದೇ ಅವಳ ಕೈ ನಿಂತಿತು. ಮಡಿಕೆ ಅಂಗಡಿಯದಲ್ಲ. ಸೆರಗು ಹೊರಗೆ ಬರಬೇಕಾದಲ್ಲಿ ಒಳಕ್ಕೆ ಹೋಗಿದೆ, ಅದರ ಮೇಲೆ ಮತ್ತೊಂದು ಸುತ್ತು ಬಿದ್ದಿದೆ. ಹೀಗೆ ಯಾಕೆ ಮಡಚುತ್ತಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಜಿನ ಉದ್ದಕ್ಕೂ ಬಿಚ್ಚಿದಳು. ನಿರಿಗೆಯಲ್ಲಿ ಕೂತೆದ್ದ ಸುಕ್ಕು, ಅಂಚಿನಲ್ಲಿ ಅಂಗಳದ ಮಣ್ಣು. ಸೆರಗಿನ ತುದಿಯಲ್ಲಿ ತುಟಿ ಒರೆಸಿದ ಅಗಲಕ್ಕೆ ಕವಳದ ಕೆಂಪು ಕಲೆ. ಒಂದು ಕಡೆ ಅಲ್ಲ, ಬೇಕಾದಷ್ಟು ಕಡೆ. ಮನೆಗೆ ಹೋದವಳೇ ಅಜ್ಜಿ ಉಟ್ಟುಕೊಂಡಿದ್ದಾಳೆ. ಬೀರುವಿನಲ್ಲಿ ಇಡಲು ಕೊಟ್ಟಿಲ್ಲ.

“ಅದು ಅಂಗಡಿಲೇ ಇತ್ತೇನೋ” ಎಂದಳು ಗಾಯತ್ರಿ.

ಕಲಾವತಿ ಸೆರಗನ್ನು ಮೂಗಿಗೆ ಹಿಡಿದಳು. ಸುಣ್ಣ, ಹೊಗೆಸೊಪ್ಪು. “ಇಲ್ಲಿ ಯಾರೂ ಕವಳ ಹಾಕೂದಿಲ್ಲ” ಎಂದಳು.

ಗುರುಪ್ರಸಾದ ಎದ್ದು ಬಂದು ಬಗ್ಗಿ ನೋಡಿದ. ಇದು ತನ್ನ ತಲೆಗೆ ಬರುವ ನಷ್ಟ ಎಂದು ತಿಳಿದ ಕೂಡಲೇ ಗುರುತು ಪರಿಚಯವೆಲ್ಲ ಅವನ ಮುಖದಿಂದ ಅಳಿಸಿ ಹೋಯಿತು. “ಉಟ್ಟಿದ್ದು ವಾಪಸ್ ತಕಣೂದಿಲ್ಲ” ಎಂದು ಗೋಡೆಯ ಬೋರ್ಡು ತೋರಿಸಿ ಗಾದಿಗೆ ಹೋಗಿ ಕೂತ. ಅವನ ಮೇಲೂ ಕಲಾವತಿಗೆ ಅಸಹ್ಯವೇ ಹುಟ್ಟಿತು. ಆದರೆ ಆ ಹೊತ್ತಿಗೆ ಬೇಕಾಗಿದ್ದು ಆ ಮಾತೇ.

ಅವಳು ಸೀರೆ ಮಡಚತೊಡಗಿದಳು. ಕೈ ತನ್ನ ಚಾಳಿಯಂತೆ ಕಲೆಯನ್ನು ಒಳಕ್ಕೆ ತಿರುಗಿಸಲು ಹೋಯಿತು. ತಡೆದು, ಬಿಚ್ಚಿ, ಸೆರಗನ್ನು ಎಲ್ಲಕ್ಕಿಂತ ಮೇಲೆ ತಂದು, ಕವಳದ ಕಲೆ ಪೂರ್ತಿ ಕಾಣುವ ಹಾಗೆ ಮಡಚಿದಳು. ಅಂಗಡಿಯ ಹೆಸರಿನ ಹೊಸ ಚೀಲದಲ್ಲಿ ಹಾಕಿ ಗಾಯತ್ರಿಯ ಕೈಗೆ ಕೊಟ್ಟಳು.

“ಅಜ್ಜಿಗೆ ಹೇಳಿ” ಎಂದಳು, “ಮತ್ತೆ ಬರೂಕೆ.”