ಕುಶಾಲಪ್ಪನ ಎಲೆಯ ಮುಂದೆ ಇಟ್ಟ ವಿಸ್ಕಿ

ಸತ್ತ ಗೆಳೆಯನ ಎಲೆಯ ಮುಂದೆ ನಾನು ವಿಸ್ಕಿಯೆಂದು ಹೇಳಿ ಬಣ್ಣದ ನೀರನ್ನು ಇಟ್ಟೆನೆಂಬ ಆರೋಪವನ್ನು ಕೋಡಿಂಬಾಳದ ಒಂದು ಮನೆಯವರು ನನ್ನ ಮೇಲೆ ಹೊರಿಸಿದ್ದಾರೆ. ನೆಂಟರೆಲ್ಲ ನೋಡುತ್ತಿರುವಾಗ ಹೊರಿಸಿದರು, ಇಂದಿನವರೆಗೆ ಹಿಂತೆಗೆದುಕೊಂಡಿಲ್ಲ. ಅಂದು ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುವುದು ಈಗ ನನ್ನ ಮಾನದ ಪ್ರಶ್ನೆಯಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಪುತ್ತೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಸತ್ತವರಿಗೆ ಬಡಿಸಿ ಬಾಗಿಲು ಮುಚ್ಚಿದರೆ ಅವರು ಬಂದು ಉಣ್ಣುತ್ತಾರೆ, ಎಲೆಯ ಮೇಲಿನದು ಹಾಗೆಯೇ ಉಳಿದರೂ ಅದರ ರುಚಿ ಹೋಗಿರುತ್ತದೆ ಎಂದು ನಮ್ಮ ಕಡೆಯವರು ಹೇಳುತ್ತಾರೆ. ಆರಿದ ಅನ್ನ ಸಪ್ಪೆಯಾಗುವುದಕ್ಕೆ ಸತ್ತವರು ಬರಬೇಕಾಗಿಲ್ಲ ಎಂದು ನಾನು ಎಷ್ಟೋ ಮನೆಗಳ ಜಗಲಿಯಲ್ಲಿ ಕುಳಿತು ವಾದಿಸಿದ್ದೆ. ಆ ವಾದವೇ ಕಡೆಗೆ ನನ್ನ ವಿರುದ್ಧದ ಸಾಕ್ಷಿಯಾಯಿತು.

ಆ ಗೆಳೆಯ ಕುಶಾಲಪ್ಪ, ಕೋಡಿಂಬಾಳದ ರಬ್ಬರ್ ಕೃಷಿಕ, ನನಗಿಂತ ಕಿರಿಯ. ನಾನಿರುವುದು ಸುಳ್ಯದ ಹತ್ತಿರದ ಅಜ್ಜಾವರದಲ್ಲಿ. ತಿಂಗಳಿಗೊಮ್ಮೆ ಅವನ ಮನೆಗೆ ಹೋಗುತ್ತಿದ್ದೆ. ಕೊಲ್ಲಿಯಿಂದ ಬರುವ ಪರಿಚಯದವರ ಕೈಯಲ್ಲಿ ಅವನು ಸಿಂಗಲ್ ಮಾಲ್ಟ್ ತರಿಸುತ್ತಿದ್ದ. ಒಂದೇ ಭಟ್ಟಿಯಲ್ಲಿ ಬಾರ್ಲಿಯ ಮೊಳಕೆಯಿಂದ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಸ್ಕಾಚ್ ಅದು. ಅಮಲಿಗೆ ಕುಡಿದವರಲ್ಲ ನಾವು. ಎರಡು ಬಗೆಯದನ್ನು ಎರಡು ಗ್ಲಾಸಿಗೆ ಸ್ವಲ್ಪವೇ ಹಾಕಿ, ವಾಸನೆ ಹಾರದಂತೆ ಮೇಲೆ ತಟ್ಟೆ ಮುಚ್ಚಿ ಇಟ್ಟು, ಆಮೇಲೆ ಮೂಸಿ, ಗುಟುಕರಿಸಿ, ನಾಲ್ಕು ಹನಿ ನೀರು ಬಿಟ್ಟು ಮತ್ತೆ ಮೂಸಿ, ಇದು ಹೆಚ್ಚೋ ಅದು ಹೆಚ್ಚೋ ಎಂದು ಊಟದ ಹೊತ್ತಿನವರೆಗೆ ಜಗಳಾಡುತ್ತಿದ್ದೆವು. ಒಂದನ್ನೇ ಕುಡಿದರೆ ಏನೂ ತಿಳಿಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಇರಲೇಬೇಕು ಎಂಬುದು ಅವನ ಸಿದ್ಧಾಂತ.

ಅವನಿಗೆ ಹೊಗೆಯ ವಾಸನೆಯದ್ದೇ ಬೇಕು. ಅದನ್ನು ಮೂಸಿದರೆ ಅವನ ರಬ್ಬರ್ ಶೀಟು ಒಣಗಿಸುವ ಹೊಗೆಕೋಣೆಯ ಬಾಗಿಲು ತೆರೆದಂತಾಗುತ್ತಿತ್ತು. ಗ್ಲಾಸು ಬಿಟ್ಟು ಆ ಕೋಣೆಯ ಗೋಡೆ ನೆಕ್ಕು ಎಂದು ನಾನು ಹೇಳುತ್ತಿದ್ದೆ. ನನಗೆ ಇಷ್ಟ ಜೇನಿನ, ಒಣದ್ರಾಕ್ಷಿಯ ಪರಿಮಳದ್ದು. ಅದನ್ನು ಅವನು ತುಟಿಗೆ ತಾಗಿಸಿ ಕೆಳಗಿಡುತ್ತಿದ್ದ.

“ನಿಮ್ಮದು ಪಾನಕ ಮಾಷ್ಟ್ರೆ. ಮದುವೆಮನೆಯಲ್ಲಿ ಮಕ್ಕಳಿಗೆ ಕೊಡ್ಲಿಕ್ಕೆ ಆಗ್ತದೆ.”

ಕಳೆದ ವರ್ಷ ಅವನು ಹೃದಯಾಘಾತದಿಂದ ತೀರಿಕೊಂಡ. ಬೊಜ್ಜದ ಊಟ, ಅಂದರೆ ಉತ್ತರಕ್ರಿಯೆಯ ಊಟ, ಮುಗಿದು ದೂರದವರೆಲ್ಲ ಹೊರಟ ಮೇಲೆ, ಸಂಜೆ ಅವನಿಗೆ ಬಡಿಸುವುದೆಂದು ಹತ್ತಿರದ ನೆಂಟರು ಉಳಿದರು. ಅವನ ಹೆಂಡತಿ ದೇವಕಿಯಕ್ಕ ನನ್ನನ್ನೂ ಉಳಿಸಿಕೊಂಡರು. ಕೋಳಿ, ಮೀನು, ದೋಸೆ ಅವರೇ ಮಾಡಿದ್ದರು. ಕುಡಿಯುವುದನ್ನು ಮಾತ್ರ ನನ್ನಿಂದ ಕೇಳಿದರು.

“ಅದೆಲ್ಲ ಯಾವುದು ಹೇಗೆ ಅಂತ ನಮಗೆ ಗೊತ್ತಾಗುದಿಲ್ಲ ಮಾಷ್ಟ್ರೆ. ನೀವೇ ಹಾಕಿ ಕೊಡಿ.”

ನಂಬಿಕೆ ಇಲ್ಲದಿದ್ದರೂ ಒಪ್ಪಿಕೊಂಡೆ. ಅವನ ಕಪಾಟಿನ ಬಾಟಲಿಗಳನ್ನು ಜಗಲಿಗೆ ತಂದು, ಎಂದಿನಂತೆ ಎರಡು ಗ್ಲಾಸು ತೊಳೆದು ಒರೆಸಿ, ಒಂದಕ್ಕೆ ಅವನದನ್ನು, ಒಂದಕ್ಕೆ ನನ್ನದನ್ನು ಹಾಕಿದೆ. ಅಭ್ಯಾಸಬಲದಿಂದ ಎರಡನ್ನೂ ಮೂಸಿಯೂ ನೋಡಿದೆ. ಗ್ಲಾಸುಗಳನ್ನು ಒಳಗೆ ಒಯ್ದವರು ದೇವಕಿಯಕ್ಕನ ಅಣ್ಣ ಪದ್ಮಯ್ಯ. ಒಯ್ಯುವಾಗ ಮುಖ ಸಿಂಡರಿಸಿ, ಟಯರು ಸುಟ್ಟ ವಾಸನೆ ಬರುತ್ತದೆ, ಭಾವ ಇದನ್ನು ಹೇಗೆ ಕುಡಿಯುತ್ತಿದ್ದನೋ ಎಂದರು. ಈ ಮಾತನ್ನು ನಾನು ಮರೆತಿಲ್ಲ, ಅವರು ಮರೆತಿದ್ದಾರೆ.

ಎಲೆಯ ಮುಂದೆ ಎಲ್ಲವನ್ನೂ ಇಟ್ಟು, ದೀಪ ಹಚ್ಚಿ, ಪದ್ಮಯ್ಯನವರೇ ಬಾಗಿಲು ಎಳೆದುಕೊಂಡು ಚಿಲಕ ಹಾಕಿದರು. ನಾವೆಲ್ಲ ಜಗಲಿಯಲ್ಲಿ ಕುಳಿತೆವು. ನಾನು ಅವರ ನಡುವೆಯೇ ಇದ್ದೆ, ಎದ್ದವನಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ತೆರೆದರು. ಬಡಿಸಿದ್ದನ್ನು ಮನೆಯವರು ಹಂಚಿಕೊಳ್ಳುವುದು ಕ್ರಮ. ಪದ್ಮಯ್ಯ ಹೊಗೆಯ ವಿಸ್ಕಿಯ ಗ್ಲಾಸನ್ನೆತ್ತಿ ಒಂದು ಗುಟುಕು ಕುಡಿದು, ನನ್ನನ್ನು ನೋಡಿದರು. “ಇದರಲ್ಲಿ ಎಂತ ಉಂಟು ಮಾಷ್ಟ್ರೆ? ಬರೀ ನೀರು.”

ಗ್ಲಾಸನ್ನು ನಾನು ತೆಗೆದುಕೊಂಡೆ. ಬಣ್ಣ ಅದೇ, ಮಟ್ಟವೂ ಪದ್ಮಯ್ಯ ಕುಡಿದ ಒಂದು ಗುಟುಕಷ್ಟೇ ಇಳಿದಿತ್ತು. ಮೂಸಿದೆ. ಏನೂ ಇಲ್ಲ. ನಾಲಿಗೆಯ ಮೇಲೆ ಹಾಕಿಕೊಂಡೆ. ಕುದಿಸಿ ಆರಿಸಿದ ನೀರಿಗೂ ಒಂದು ರುಚಿ ಇರುತ್ತದೆ, ಇದಕ್ಕೆ ಅದೂ ಇರಲಿಲ್ಲ. ನನ್ನ ಮೂಗೇ ಕೆಟ್ಟಿತೇನೋ ಎಂದು ಇನ್ನೊಂದು ಗ್ಲಾಸನ್ನೆತ್ತಿದೆ. ಜೇನು, ಒಣದ್ರಾಕ್ಷಿ, ಗಂಟಲಿಗೆ ಇಳಿಯುವ ಉರಿ, ಒಂದೂ ಕಡಿಮೆಯಾಗಿರಲಿಲ್ಲ. ಮದ್ಯಸಾರ ಆವಿಯಾಗುತ್ತದೆಂದು ನಾನು ಬಲ್ಲೆ. ಆದರೆ ಒಂದೇ ಕೋಣೆಯಲ್ಲಿ, ಅಷ್ಟೇ ಹೊತ್ತು, ಪಕ್ಕಪಕ್ಕದಲ್ಲಿದ್ದ ಎರಡು ಗ್ಲಾಸುಗಳಲ್ಲಿ ಒಂದರಿಂದ ಮಾತ್ರ, ಮಟ್ಟವೂ ಇಳಿಯದಂತೆ, ಎಲ್ಲವೂ ಹೇಗೆ ಹೋಗುತ್ತದೆ?

ಜಗಲಿಯಲ್ಲಿದ್ದ ಬಾಟಲಿ ತರಿಸಿ ಎಲ್ಲರ ಎದುರು ತೆರೆದೆ. ಹೊಗೆಯ ವಾಸನೆ ಕೋಣೆಯೆಲ್ಲ ಹರಡಿತು. ನನ್ನನ್ನು ಉಳಿಸಬೇಕಾಗಿದ್ದ ಆ ವಾಸನೆಯೇ ನನ್ನನ್ನು ಸಿಕ್ಕಿಸಿತು.

“ಬಾಟ್ಲಿಯಲ್ಲಿ ಇರುದು ಸರಿಯೇ ಉಂಟಲ್ಲ,” ಎಂದರು ಪದ್ಮಯ್ಯ. “ಹಾಗಾದ್ರೆ ಗ್ಲಾಸಿಗೆ ಹಾಕಿದ್ದು ಎಂತದು? ಚಹಾದ ನೀರಾ? ನಮ್ಮ ನಂಬಿಕೆಯನ್ನು ತಮಾಷೆ ಮಾಡ್ಲಿಕ್ಕೆ ನಿಮಗೆ ಭಾವನ ಎಲೆಯೇ ಬೇಕಿತ್ತಾ?”

ಒಳಗೆ ಒಯ್ಯುವಾಗ ಅವರೇ ಆಡಿದ ಮಾತನ್ನು ನೆನಪಿಸಿದೆ. ಆ ವಾಸನೆ ನನ್ನ ಕೈಯಲ್ಲಿದ್ದ ಬಾಟಲಿಯದ್ದು ಎಂದುಬಿಟ್ಟರು. ಆಗ ದೇವಕಿಯಕ್ಕ ಬಾಗಿಲ ಬಳಿಯಿಂದ, ಸ್ವರ ಏರಿಸದೆ ಹೇಳಿದರು: “ಅವರಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಇತ್ತು ಮಾಷ್ಟ್ರೆ. ಇವತ್ತೊಂದು ದಿನ ಈ ತಮಾಷೆ ಬಿಡಬಹುದಿತ್ತು.”

ನನ್ನ ನಾಲಿಗೆಯ ತುದಿಯಲ್ಲಿ ಒಂದೇ ವಾಕ್ಯವಿತ್ತು: ಅವನು ಕುಡಿದಿದ್ದಾನೆ, ನನ್ನದನ್ನು ಎಂದಿನಂತೆ ಬಿಟ್ಟಿದ್ದಾನೆ. ಅದನ್ನು ಹೇಳಲು ನನ್ನಿಂದಾಗಲಿಲ್ಲ. ಹೇಳಿದ್ದರೆ, ಬದುಕೆಲ್ಲ ಇದಕ್ಕೆ ನಕ್ಕವನು ಸಿಕ್ಕಿಬಿದ್ದಾಗ ಇದನ್ನೇ ಆಸರೆ ಮಾಡಿಕೊಂಡನೆಂದು ಅವರು ಅಂದುಕೊಳ್ಳುತ್ತಿದ್ದರು. ಮುಖ ಕಾದ ಕಾವಲಿಯಂತಾಯಿತು. ನಾನು ತಲೆ ತಗ್ಗಿಸಿ ನಿಂತೆ. ಆ ಮೌನವನ್ನು ಅವರು ತಪ್ಪೊಪ್ಪಿಗೆಯೆಂದು ತಿಳಿದರು. ಊಟಕ್ಕೆ ಯಾರೂ ಕರೆಯಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಯಾರೂ ಎದ್ದು ನಿಲ್ಲಲಿಲ್ಲ.

ಆಮೇಲೆ ಕಡಬದ ಪೇಟೆಯಲ್ಲಿ ಪದ್ಮಯ್ಯ, ಮಾಷ್ಟ್ರು ಸತ್ತವನಿಗೆ ಚಹಾ ಕುಡಿಸಿದರು ಎಂದು ಹೇಳಿ ನಗಿಸಿದ್ದು ನನ್ನ ಕಿವಿಗೆ ಬಿದ್ದಿದೆ. ಈ ವರ್ಷ ಅವನ ವರ್ಷಾಂತಿಕದ ಕಾರ್ಯಕ್ಕೆ ಅಜ್ಜಾವರದಲ್ಲಿ ನನ್ನ ಪಕ್ಕದ ಮನೆಗೆ ಕರೆ ಬಂತು, ನನಗೆ ಬರಲಿಲ್ಲ. ಬೊಜ್ಜದ ಆ ಸಂಜೆಯಿಂದ ನಾನು ಗ್ಲಾಸು ಮುಟ್ಟಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡು ಜಗಳಾಡಲು ಯಾರೂ ಇಲ್ಲ.

ಆ ಗ್ಲಾಸಿನಲ್ಲಿದ್ದದ್ದು ಎಲ್ಲಿ ಹೋಯಿತೆಂದು ನನಗೆ ಇಂದಿಗೂ ತಿಳಿಯದು. ಪ್ರೇತ ಬಂತೆಂದು ಬರೆಯಲು ಈಗಲೂ ಕೈ ಏಳುವುದಿಲ್ಲ, ಬೇರೆ ಉತ್ತರವೂ ಸಿಕ್ಕಿಲ್ಲ. ನಾನು ನಂಬದವನು, ನನ್ನ ಗೊಂದಲ ನನಗಿರಲಿ. ಆದರೆ ಪದ್ಮಯ್ಯನವರೆ, ದೇವಕಿಯಕ್ಕ, ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಅವನನ್ನು ಕರೆದವರು ನೀವು. ಅವನು ಬಂದಿರಬಹುದೆಂದು ನಿಮ್ಮಲ್ಲಿ ಒಬ್ಬರಿಗಾದರೂ ಯಾಕೆ ಅನ್ನಿಸಲಿಲ್ಲ?